ಕಲಿಯುವ ತನಕ ಕಲಿಸುತ್ತೇವೆ

ಮನೆಯಲ್ಲಿ ಯಾರು ಯಾವ ಕೆಲಸವನ್ನು ಅವಸರದಲ್ಲಿ ಮಾಡಿದರೂ ಸೊಸೆಯ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿತ್ತು. ಅತ್ತೆ ಕುದಿಯುವ ಬೇಳೆಗೆ ಉಪ್ಪು ಹಾಕಲು ಕೈ ಎತ್ತಿದರೆ ಒತ್ತುತ್ತಿತ್ತು. ಮಗಳು ತುಂಬಿದ ಹಾಲಿನ ಲೋಟ ಹಿಡಿದು ಹೊಸ್ತಿಲು ದಾಟಿದರೆ ಒತ್ತುತ್ತಿತ್ತು. ಗಂಡ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಇಳಿಸಲು ಹೊರಟರೂ ಒತ್ತುತ್ತಿತ್ತು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತನ್ನ ಕಾಲಡಿಗೆ ಬೇರೆಯಾಗಿ ಕೂಡಿಸಿದ್ದ ಬ್ರೇಕಿನಿಂದ ಊರಿನ ಕಾಂಪೌಂಡುಗಳನ್ನೂ ಲೈಟು ಕಂಬಗಳನ್ನೂ ವರ್ಷಗಟ್ಟಲೆ ಕಾಪಾಡಿದ ಕಾಲು ಅದು. ಅವಳು ಕೆಲಸ ಬಿಟ್ಟಿದ್ದಳು. ಕಾಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಅದ್ಯಾಕೆ ಹಾಗೆ ನೆಲ ತುಳೀತೀಯ? ಕೆಳಗಿನ ಮನೆಯವರು ಮೇಲೆ ಬಂದು ಕೇಳ್ತಾರೆ ನೋಡು," ಎಂದರು ಅತ್ತೆ.

"ನೀವು ಉಪ್ಪು ನೋಡಿ ಹಾಕಿದ್ರೆ ತುಳಿಯಲ್ಲ."

"ನೀನು ಹುಟ್ಟೋಕೆ ಮುಂಚಿಂದ ಹಾಕ್ತಿದ್ದೀನಿ."

"ಅಭ್ಯಾಸ ಬೇರೆ, ಗಮನ ಬೇರೆ ಅತ್ತೆ."

ಇದು ಅವಳು ಕಲಿಯುವವರಿಗೆಲ್ಲ ಹೇಳುತ್ತಿದ್ದ ಮಾತು. ಕಲಿಯುವವರು ಹೂಂ ಎನ್ನುತ್ತಿದ್ದರು. ಅತ್ತೆ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿ, ಮುಖ ಗಂಟು ಹಾಕಿಕೊಂಡು, ಬೇಕೆಂದೇ ಇನ್ನೊಂದು ಚಿಟಿಕೆ ಉಪ್ಪು ಹಾಕಿದರು. ಆ ರಾತ್ರಿ ಎಲ್ಲರೂ ಬೇಳೆಗೆ ಬಿಸಿನೀರು ಬೆರೆಸಿಕೊಂಡು ಉಂಡರು.

ಅವಳನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ, ಒಳ್ಳೆಯ ಕೆಲಸ ಸಿಕ್ಕಿತೆಂದು ತಾನೇ ಬಿಟ್ಟಿದ್ದಳು. ಊರಿನ ಆ ಕಡೆ ಒಬ್ಬ ಹೆಂಗಸು ಹೆಂಗಸರಿಗೆಂದೇ ಹೊಸ ಡ್ರೈವಿಂಗ್ ಶಾಲೆ ತೆರೆಯುತ್ತಿದ್ದಳು. ಹೆದರುವವರಿಗೆ ಕಲಿಸುವುದರಲ್ಲಿ ಈ ಸೊಸೆ ಎತ್ತಿದ ಕೈ ಎಂದು ಕೇಳಿ ಹುಡುಕಿಕೊಂಡು ಬಂದು, ಕಲಿಸುವವರಲ್ಲಿ ಮೊದಲ ಸ್ಥಾನ, ಸ್ವಂತಕ್ಕೊಂದು ಕಾರು, ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬಹುದಾದ ಸಮಯ, ಎಲ್ಲ ಕೊಡುತ್ತೇನೆ ಎಂದಿದ್ದಳು. ಸೊಸೆ ಕುಣಿದಾಡಿಕೊಂಡು ಹೋಗಿ ಹಳೆಯ ಶಾಲೆಯಲ್ಲಿ ರಾಜೀನಾಮೆ ಕೊಟ್ಟಳು. ಅಲ್ಲಿನ ಮಾಲೀಕರನ್ನು ಊರೆಲ್ಲ ಯಜಮಾನರು ಎಂದೇ ಕರೆಯುತ್ತಿತ್ತು. ಯಜಮಾನರು ರಾಜೀನಾಮೆ ಓದಿ, ಮೇಜಿನ ಖಾನೆ ಎಳೆದು, ಅವಳೇ ಹಿಂದೊಮ್ಮೆ ಸಹಿ ಹಾಕಿದ್ದ ಒಪ್ಪಂದವನ್ನು ಮುಂದಿಟ್ಟರು. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಅವಳು ಈ ಊರಿನಲ್ಲಿ ಸಂಬಳಕ್ಕಾಗಲಿ ಪುಕ್ಕಟೆಯಾಗಲಿ ಯಾರಿಗೂ ಡ್ರೈವಿಂಗ್ ಕಲಿಸಬಾರದು, ಇನ್ನೊಂದು ಶಾಲೆಯಲ್ಲಿ ಯಾವ ಹುದ್ದೆಯಲ್ಲೂ ಇರಬಾರದು ಎಂದು ಅದರಲ್ಲಿತ್ತು. ಸಂಬಳ ಹೆಚ್ಚಿಸಿದ ದಿನ ಹಾಕಿಸಿಕೊಂಡಿದ್ದ ಸಹಿ. ಅವಳು ಸಂಬಳದ ಸಾಲನ್ನಷ್ಟೇ ಓದಿದ್ದಳು.

ಯಜಮಾನರು ಕೆಟ್ಟವರಲ್ಲ. ಹಿಂದೆ ಒಬ್ಬ, ಅವರ ಹತ್ತಿರವೇ ಕೆಲಸ ಕಲಿತು, ಅವರ ಬಳಿ ಕಲಿಯುತ್ತಿದ್ದವರನ್ನೆಲ್ಲ ಬಾಚಿಕೊಂಡು ಹೋಗಿ ಎದುರುಗಡೆಯೇ ಬೋರ್ಡು ಹಾಕಿದ್ದ. ಅಂದಿನಿಂದ ಅವರಿಗೆ ತಮ್ಮ ನೆರಳನ್ನು ಕಂಡರೂ ಅನುಮಾನ.

"ಒಪ್ಪಂದ ಅಂದ್ರೆ ಒಪ್ಪಂದ ಕಣಮ್ಮ," ಎಂದಿದ್ದರು. "ಬೇಕಿದ್ರೆ ವಾಪಸ್ ಬಾ. ನಿನ್ನ ಕಾರು ನಿಂತ ಜಾಗದಲ್ಲೇ ನಿಂತಿದೆ."

ಹೊಸ ಶಾಲೆಯ ಒಡತಿಯೂ ಖಡಾಖಂಡಿತವಾಗಿಯೇ ಹೇಳಿದಳು. "ಮಕ್ಕಳಿಗೆ ರಜೆ ಶುರುವಾದ ದಿನ ನನ್ನ ಮೊದಲ ಬ್ಯಾಚು. ಅಷ್ಟರೊಳಗೆ ಅವರನ್ನ ಒಪ್ಪಿಸಿ. ಆಗ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡಲೇಬೇಕು, ಬೇಜಾರು ಮಾಡ್ಕೋಬೇಡಿ."

ಹೀಗೆ ಅಲ್ಲೂ ಇಲ್ಲ ಇಲ್ಲೂ ಇಲ್ಲ ಎಂದಾಗಿ, ಸೊಸೆ ಮನೆಯಲ್ಲಿ ಕೂತಳು. ಕೂತಳು ಎಂದದ್ದು ಮಾತಿಗೆ. ಅವಳು ಕೂತದ್ದನ್ನು ಯಾರೂ ಕಾಣಲಿಲ್ಲ.

ಮಾವನಿಗೆ ಮಾತ್ರ ಒಳಗೊಳಗೇ ಚುಚ್ಚುತ್ತಿತ್ತು. ನಿವೃತ್ತರಾಗುವ ತನಕ ಅವರು ಕೋರ್ಟಿನ ಜಗಲಿಯಲ್ಲಿ ಟೈಪ್ ಮಾಡುತ್ತಿದ್ದವರು. ಕಾಗದಪತ್ರದ ವಿಷಯಕ್ಕೆ ಮನೆಯಲ್ಲಿ ಅವರದೇ ಕೊನೆಯ ಮಾತು. ಅಂದು ಸೊಸೆ ಒಪ್ಪಂದ ತಂದು ತೋರಿಸಿದಾಗ, "ಎಲ್ರೂ ಹಾಕೋ ಸಹಿ ಕಣಮ್ಮ, ಹಾಕು," ಎಂದು ಪತ್ರಿಕೆಯಿಂದ ಕಣ್ಣೆತ್ತದೆ ಹೇಳಿದ್ದೂ ಅವರೇ. ಈಗ ಊಟಕ್ಕೆ ಕೂತಾಗಲೆಲ್ಲ ಅದರ ನಕಲನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಎಲ್ಲಾದರೂ ಸಂದು ಇದೆಯೇ ಎಂದು ಹುಡುಕುತ್ತಿದ್ದರು.

"ಕಲಿಸಬಾರದು ಅಂತಿದೆ. ಬೈಬಾರದು ಅಂತ ಎಲ್ಲೂ ಇಲ್ಲ," ಎಂದರು ಒಂದು ಮಧ್ಯಾಹ್ನ. "ನೀನು ಹಿಂದಿನ ಸೀಟಲ್ಲಿ ಕೂತು ಸುಮ್ನೆ ಬೈತಾ ಇದ್ರೆ?"

"ಯಾವುದೇ ಹುದ್ದೆಯಲ್ಲೂ ಅಂತಿದೆಯಲ್ಲ ಮಾವ."

"ಬೈಯೋದು ಹುದ್ದೆ ಆಗತ್ತಾ?"

"ನಮ್ಮ ಮನೇಲಿ ಆಗತ್ತೆ. ಅಜ್ಜಿಗೆ ಪಿಂಚಣಿ ಕೊಡ್ಬೇಕು," ಎಂದಳು ಮೊಮ್ಮಗಳು. ಅವಳಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದ ಮೇಲೆ ನಾಲಿಗೆ ಉದ್ದವಾಗಿತ್ತು. ಅಜ್ಜಿ ಅವಳ ತಟ್ಟೆಗೆ ಹಾಕಬೇಕೆಂದಿದ್ದ ಹುರಿದ ಆಲೂಗಡ್ಡೆಯನ್ನು ಅಜ್ಜನ ತಟ್ಟೆಗೆ ಹಾಕಿದರು.

ಕಲಿಸುವ ಚಪಲ ಬಲು ಕೆಟ್ಟದ್ದು. ಹೊರಗೆ ಕಲಿಸಬಾರದೆಂದ ಮೇಲೆ ಸೊಸೆ ಮನೆಯವರಿಗೇ ಕಲಿಸತೊಡಗಿದಳು. ಗಂಡನಿಗೆ ಟವೆಲ್ ಒಣಹಾಕುವುದನ್ನು ಕಲಿಸಿದಳು. ಮಾವನಿಗೆ ಕನ್ನಡಕ ಒರೆಸುವುದನ್ನು ಕಲಿಸಿದಳು. ಗಂಡ ಫ್ರಿಜ್ ರಿಪೇರಿಯವನು. ಯಾರ ಮನೆಯ ಯಾವ ಪೆಟ್ಟಿಗೆಯನ್ನಾದರೂ ತಣ್ಣಗೆ ಮಾಡುತ್ತಿದ್ದ ಅವನಿಗೆ ಸ್ವಂತ ಮನೆಯ ಬಿಸಿ ಇಳಿಸುವ ದಾರಿ ಗೊತ್ತಾಗದೆ, ಭಾನುವಾರವೂ ಕೆಲಸ ಇದೆ ಎಂದು ಚೀಲ ಎತ್ತಿಕೊಂಡು ಹೊರಡತೊಡಗಿದ. ಅತ್ತೆ ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಅವರಿದ್ದ ಅಡುಗೆಮನೆಗೇ ಸೊಸೆ ನುಗ್ಗಿದಳು.

ಒಂದು ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಪಾಟಿನ ಡಬ್ಬಿಗಳೆಲ್ಲ ಜಾಗ ಬದಲಿಸಿದ್ದವು. ದಿನಾ ಬೇಕಾದವು ಕೈಗೆಟಕುವ ಸಾಲಿನಲ್ಲಿ, ಅಪರೂಪದವು ಮೇಲೆ. ಸೊಸೆಗೆ ತನ್ನ ಕೆಲಸ ನೋಡಿ ಹೆಮ್ಮೆಯಾಗಿತ್ತು. ಅತ್ತೆ ಎಂದಿನಂತೆ ನೋಡದೆ ಕೈ ಹಾಕಿ ಚಹಾಕ್ಕೆ ಸಕ್ಕರೆ ಬೆರೆಸಿದರು. ಮೊದಲ ಗುಟುಕು ಕುಡಿದ ಮಾವ, ಹೆಂಡತಿಯ ಮುಖವನ್ನೂ ಸೊಸೆಯ ಮುಖವನ್ನೂ ನೋಡಿ, ಉಗುಳಲು ಧೈರ್ಯ ಸಾಲದೆ ನುಂಗಿದರು.

"ಯಾರು ಇದನ್ನ ಇಲ್ಲಿಟ್ಟಿದ್ದು?" ಅತ್ತೆ ಉಪ್ಪಿನ ಡಬ್ಬಿ ಎತ್ತಿ ಹಿಡಿದರು.

"ಅದರ ಜಾಗ ಅದೇ ಅತ್ತೆ. ಒಲೆಗೆ ಹತ್ತಿರ ಇದ್ರೆ ನಿಮ್ಮ ಕೈಗೆ ಸುಲಭ."

"ನನ್ನ ಕೈಗೆ ಏನು ಸುಲಭ ಅನ್ನೋದು ನನಗೆ ಗೊತ್ತು. ನಿನ್ನ ಕಾರು ಹೋದ್ರೆ ನನ್ನ ಅಡುಗೆಮನೆ ಬೇಕಾಯ್ತಾ ನಿನಗೆ?"

"ಕಾರು ಹೋಗಿಲ್ಲ. ನಾನೇ ಬಿಟ್ಟಿದ್ದು."

"ಬಿಟ್ಟವಳು ಬಿಟ್ಟ ಹಾಗೆ ಇದ್ದೀಯಾ? ಕುತ್ತಿಗೆ ತನಕ ತುಂಬ್ಕೊಂಡು ನಮ್ಮ ಮೇಲೆ ಚೆಲ್ತಿದ್ದೀಯ. ಅದೇನಿದೆ ಆ ಕೆಲಸದಲ್ಲಿ?"

"ನಿಮಗೆ ಹೇಳಿದ್ರೆ ಗೊತ್ತಾಗಲ್ಲ ಅತ್ತೆ," ಎಂದಳು ಸೊಸೆ. ಅಂದ ಮೇಲೆ ಅವಳಿಗೇ ಕೆಡುಕೆನಿಸಿತು. ಆದರೆ ಅಷ್ಟರಲ್ಲಿ ಅತ್ತೆ ಡಬ್ಬಿಗಳನ್ನು ಒಂದೊಂದಾಗಿ ಹಳೆಯ ಜಾಗಕ್ಕೆ ಇಡುತ್ತಿದ್ದರು, ಬೆನ್ನು ಅವಳ ಕಡೆಗಿತ್ತು.

ಮರುದಿನ ರಾತ್ರಿ ಎಲ್ಲರೂ ಉಣ್ಣುತ್ತಿದ್ದಾಗ ಅತ್ತೆ ಅನ್ನದ ಪಾತ್ರೆ ಕೆಳಗಿಟ್ಟು ಹೇಳಿದರು. "ನಾನು ಡ್ರೈವಿಂಗ್ ಕಲೀತೀನಿ."

ಮಗನ ತುತ್ತು ನೆತ್ತಿಗೆ ಹತ್ತಿತು. ಮೊಮ್ಮಗಳು ಅಪ್ಪನ ಬೆನ್ನು ತಟ್ಟುತ್ತಾ, "ಯಾವ ಕಾರಲ್ಲಿ ಅಜ್ಜಿ? ನಮ್ಮನೇಲಿ ಇರೋದು ಅಪ್ಪನ ಸ್ಕೂಟರ್ರು," ಎಂದಳು.

"ಕಲಿತ ಮೇಲೆ ಕಾರು. ಮೊದಲು ಕಲಿಯೋದು."

ಸೊಸೆಯ ಮುಖ ಅರಳಿತು. "ಅತ್ತೆ, ನಾನೇ..." ಎಂದವಳು ಅರ್ಧಕ್ಕೆ ನಿಂತು ಮಾವನ ಕಡೆ ನೋಡಿದಳು. ಮಾವ ತಟ್ಟೆಯ ಪಕ್ಕದ ಹಾಳೆಯ ಮೇಲೆ ಬೆರಳಾಡಿಸಿ, "ಪುಕ್ಕಟೆಯಾಗಲಿ ಅಂತ ಇದೆಯಲ್ಲಮ್ಮ," ಎಂದು ನಿಟ್ಟುಸಿರು ಬಿಟ್ಟರು.

"ಇವಳನ್ನ ಯಾರು ಕೇಳಿದ್ರು?" ಎಂದರು ಅತ್ತೆ. "ನಾನು ಯಜಮಾನರ ಶಾಲೆಗೆ ಸೇರಿ ಬಂದಾಯ್ತು. ಪೂರ್ತಿ ದುಡ್ಡೂ ಕಟ್ಟಿದ್ದೀನಿ, ನಾನು ಕೂಡಿಟ್ಟಿದ್ದು. ನಾಳೆ ಬೆಳಿಗ್ಗೆಯಿಂದ ಬರೋಕೆ ಹೇಳಿದ್ದಾರೆ."



"ಹೋಗಿ ಹೋಗಿ ಅಲ್ಲಿಗಾ ಅತ್ತೆ?" ಎಂದಳು ಸೊಸೆ.

"ಊರಿಗೆ ದೊಡ್ಡ ಶಾಲೆ ಅಂತ ವರ್ಷಗಟ್ಟಲೆ ನೀನೇ ಹೊಗಳಿದ್ದೀಯ."

ಸೊಸೆ ಕೈ ತೊಳೆದು ಎದ್ದು ಹೋದಳು. ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ನೋವಾಗಿತ್ತು. ಹೊರಗಿನವರು ಕಟ್ಟಿಹಾಕಿದ್ದನ್ನು ಹೇಗೋ ಸಹಿಸಿಕೊಂಡಿದ್ದಳು, ಮನೆಯವರೇ ಹೋಗಿ ಅವರ ಕೈಗೆ ದುಡ್ಡಿಟ್ಟು ಬಂದದ್ದನ್ನು ನುಂಗಲಾಗಲಿಲ್ಲ. ಅಂದಿನಿಂದ ಅತ್ತೆ ಸೊಸೆಯ ಮಾತು ಮೊಮ್ಮಗಳ ಮೂಲಕ ಓಡಾಡತೊಡಗಿತು. "ಅಮ್ಮನಿಗೆ ಬಟ್ಟೆ ಎತ್ತೋಕೆ ಹೇಳು." "ಎತ್ತಾಯ್ತು ಅಂತ ಅಜ್ಜಿಗೆ ಹೇಳು." ಮೊಮ್ಮಗಳು ಎರಡು ದಿನ ಸಹಿಸಿ, ಮೂರನೆಯ ದಿನ ತನಗೂ ಸಂಬಳ ಬೇಕೆಂದಳು.

ಯಜಮಾನರ ಶಾಲೆಯ ಮುಂದೆ ಹಳದಿ ಬಣ್ಣದ ದೊಡ್ಡ ಬೋರ್ಡಿತ್ತು. ಅದರಲ್ಲಿ ಕಾರಿನ ಚಿತ್ರದ ಕೆಳಗೆ 'ನೀವು ಕಲಿಯುವ ತನಕ ಕಲಿಸುತ್ತೇವೆ' ಎಂದು ಬರೆಸಿದ್ದರು. ಅತ್ತೆ ಸೀಟಿಗೆ ಎತ್ತರ ಕೊಡಲು ಮನೆಯಿಂದ ತಂದ ದಿಂಬನ್ನು ಬಗಲಲ್ಲಿಟ್ಟುಕೊಂಡು ಆ ಬೋರ್ಡಿನ ಕೆಳಗೆ ನಿಂತರು. ಹೆದರುವ ಹೆಂಗಸರಿಗೆ ಕಲಿಸಲು ಈಗ ಬೇರೆ ಯಾರೂ ಇಲ್ಲದ್ದರಿಂದ ಯಜಮಾನರೇ ಬಂದು ಪಕ್ಕದಲ್ಲಿ ಕೂತರು.

"ಕ್ಲಚ್ ಒತ್ತಿ, ಗೇರು ಹಾಕಿ, ಬಿಡಿ."

ಅತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. "ಮೊದಲು ನೀವು ಈ ಕಡೆ ಬಂದು ಓಡಿಸಿ. ನಾನು ಪಕ್ಕ ಕೂತು ಕಣ್ಣು ಮುಚ್ಕೊಂಡು ಇಂಜಿನ್ ಕೇಳ್ತೀನಿ."

"ಯಾಕಮ್ಮ?"

"ಗೇರು ಯಾವಾಗ ಬದಲಾಯಿಸಬೇಕು ಅನ್ನೋದು ಕಿವಿಗೆ ಗೊತ್ತಾಗ್ಬೇಕು. ಆಮೇಲೆ ಕೈಗೆ. ಹೆದರೋರಿಗೆ ಮೊದಲನೇ ದಿನ ಹಾಗೇ ಕಲಿಸೋದು."

"ಯಾರು ಹೇಳಿದ್ದು?"

"ನನ್ನ ಸೊಸೆ. ದಿನಾ ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು. ನಮ್ಮನೆಯ ಗೋಡೆಗೂ ಬಾಯಿಪಾಠ ಆಗಿದೆ."

ಯಜಮಾನರು ತಮ್ಮ ಶಾಲೆಯಲ್ಲಿ ತಮ್ಮದೇ ಪದ್ಧತಿ ಎಂದರು. ಅವರ ಪದ್ಧತಿ ಎಂದರೆ ಕೂಗುವುದು. ಅವರು ಕೂಗಿದಷ್ಟೂ ಅತ್ತೆಯ ಕಾಲು ಸೆಟೆದುಕೊಂಡಿತು, ಕಾರು ಒಂದು ಸಲ ಕುಪ್ಪಳಿಸಿ ನಿಂತಿತು. ಮತ್ತೆ ಕುಪ್ಪಳಿಸಿತು, ಮತ್ತೆ ನಿಂತಿತು. ವಾರ ಕಳೆದರೂ ಅದು ಕಲಿಸುವ ಮೈದಾನದ ನೀರಿನ ತೊಟ್ಟಿ ದಾಟಲಿಲ್ಲ. ಅತ್ತೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಸರದಿಗೆ ಕಾಯುತ್ತಿದ್ದ ಹೆಂಗಸರಿಗೆ ಕಣ್ಣು ಮುಚ್ಚಿ ಕೇಳುವ ವಿದ್ಯೆಯನ್ನು ವಿವರಿಸಿ ಹೇಳಿದರು. ಆ ಹೆಂಗಸರೂ ಒಬ್ಬೊಬ್ಬರಾಗಿ ನಮಗೂ ಹಾಗೇ ಕಲಿಸಿ ಎಂದು ಪಟ್ಟು ಹಿಡಿದರು.

"ಇವತ್ತು ನಮ್ಮ ಬಸ್ಸಿಂದ ಕಾಣಿಸ್ತು," ಎಂದು ಮೊಮ್ಮಗಳು ಸಂಜೆ ವರದಿ ಮಾಡಿದಳು. "ಅಜ್ಜಿ ಕಾರಲ್ಲಿ ಆರಾಮಾಗಿ ಕೂತಿದ್ರು. ಯಜಮಾನ್ರು ಕೆಳಗಿಳಿದು ತಲೆ ಮೇಲೆ ನೀರು ಸುರ್ಕೊಳ್ತಿದ್ರು."

ಸೊಸೆಗೆ ನಗು ಬಂತು. ಅತ್ತೆ ಕಂಡಾರೆಂದು ಮುಖ ತಿರುಗಿಸಿಕೊಂಡಳು. ಆದರೆ ನಗುವುದೂ ಬಹಳ ಹೊತ್ತು ಆಗಲಿಲ್ಲ. ರಜೆ ಹತ್ತಿರ ಬರುತ್ತಿತ್ತು, ಹೊಸ ಒಡತಿಯ ಫೋನು ಬಂದಾಗೆಲ್ಲ ಅವಳು ಎದ್ದು ಬಾಲ್ಕನಿಗೆ ಹೋಗಿ ಮಾತಾಡಿ, ಒಣಗಿದ ಬಟ್ಟೆಯನ್ನೇ ಮತ್ತೆ ಹಿಂಡಿ ಹಾಕಿ ಬರುತ್ತಿದ್ದಳು. ಕೊನೆಯ ಫೋನಿನಲ್ಲಿ ಒಡತಿ, ಇನ್ನೊಬ್ಬಳನ್ನು ಮಾತಾಡಿಸಿ ಇಟ್ಟಿದ್ದೇನೆ ಎಂದಳು.

ಆ ವಾರದಲ್ಲೇ ಯಜಮಾನರು ಅತ್ತೆಯ ಮುಂದೆ ಕೈ ಮುಗಿದರು. "ಅಮ್ಮಾ, ನಿಮ್ಮ ದುಡ್ಡು ಪೂರ್ತಿ ವಾಪಸ್ ಕೊಡ್ತೀನಿ. ಕ್ಲಚ್ ಪ್ಲೇಟು ಸುಟ್ಟಿದ್ದಕ್ಕೂ ಕೇಳಲ್ಲ. ಮನೆಗೆ ಹೋಗಿ."

ಅತ್ತೆ ಬೋರ್ಡಿನ ಕಡೆ ಕೈ ತೋರಿಸಿದರು. "ದುಡ್ಡು ಯಾರಿಗೆ ಬೇಕು? ಅಲ್ಲಿ ಬರೆದಿದ್ದನ್ನ ಮಾಡಿ. ಒಪ್ಪಂದ ಅಂದ್ರೆ ಒಪ್ಪಂದ ಅಂತ ನಮ್ಮ ಸೊಸೆಗೆ ನೀವೇ ಹೇಳಿದ್ರಂತಲ್ಲ. ನಾನು ಇನ್ನೂ ಕಲಿತಿಲ್ಲ."

ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ಯಜಮಾನರು ಕೂಗಲು ಬಾಯಿ ತೆರೆದರು. ದಿನಾ ಕೂಗಿ ಕೂಗಿ ಗಂಟಲು ಕಟ್ಟಿತ್ತು, ದನಿ ಹೊರಡಲಿಲ್ಲ.

ಸಂಜೆ ಅವರು ಮನೆಗೇ ಬಂದರು. ಗಂಡ ಕುರ್ಚಿ ಎಳೆದುಕೊಟ್ಟ, ಅತ್ತೆ ಚಹಾ ತಂದಿಟ್ಟರು. ಸಕ್ಕರೆಯೇ ಇದೆಯೆಂದು ಮಾವ ಮೊದಲು ಕುಡಿದು ಖಾತ್ರಿ ಮಾಡಿಕೊಂಡರು.

"ನಿಮ್ಮ ಅತ್ತೆಯವರಿಗೆ ನೀನೇ ಕಲಿಸಿಬಿಡಮ್ಮ," ಎಂದು ಯಜಮಾನರು ಗೊಗ್ಗರು ದನಿಯಲ್ಲಿ ಸೊಸೆಗೆ ಹೇಳಿದರು.

"ಕಲಿಸೋ ಹಾಗಿಲ್ಲ. ಸಹಿ ಹಾಕಿದ್ದೀನಿ."

"ಅದನ್ನ ಬಿಟ್ಟಾಕ್ತೀನಿ."

"ಇವರೊಬ್ಬರಿಗಾಗಿಯಾ, ಎಲ್ಲರಿಗಾ?" ಎಂದು ಮಾವ ನಡುವೆ ಬಾಯಿ ಹಾಕಿದರು. ಕಾಗದಪತ್ರದ ಮಾತು ಬಂದಾಗ ಈ ಸಲ ಅವರು ಪತ್ರಿಕೆ ಓದುತ್ತಿರಲಿಲ್ಲ.

ಯಜಮಾನರು ಚಹಾದ ಲೋಟವನ್ನು ಎತ್ತಿ ತೋರಿಸಿದರು. "ಎದುರುಗಡೆ ಬೋರ್ಡು ಹಾಕಿದವನೂ ಹೀಗೇ ನಮ್ಮನೇಲಿ ಚಹಾ ಕುಡಿದು ಹೋದವನೇ ಸ್ವಾಮಿ. ನನ್ನ ಹತ್ರ ಕಲೀತಿರೋರೆಲ್ಲ ಇವಳ ಹಿಂದೆ ಹೋದ್ರೆ ನಾನು ಬಾಗಿಲು ಹಾಕ್ಬೇಕಾಗತ್ತೆ."

ಸೊಸೆ ಅಡುಗೆಮನೆಯ ಬಾಗಿಲಿನಿಂದ ಮುಂದೆ ಬಂದು ಅವರ ಎದುರು ಕೂತಳು. "ನಿಮ್ಮಲ್ಲಿ ಸೇರಿದವರನ್ನ ಒಬ್ಬರನ್ನೂ ತಗೊಳ್ಳಲ್ಲ. ಬಂದು ಕೇಳಿದ್ರೂ ನಿಮ್ಮ ಹತ್ರಾನೇ ವಾಪಸ್ ಕಳಿಸ್ತೀನಿ. ಬೇಕಿದ್ರೆ ಅದನ್ನೂ ಬರೆದುಕೊಡ್ತೀನಿ. ಆ ಕಣ್ಣು ಮುಚ್ಚಿಸೋ ಪಾಠ ನಿಮ್ಮ ಹುಡುಗರಿಗೂ ಹೇಳಿಕೊಡ್ತೀನಿ, ಅದೇನು ನನ್ನ ಸ್ವತ್ತಲ್ಲ. ನನಗೆ ಕೆಲಸ ಬೇಕು ಅಷ್ಟೇ, ಯಜಮಾನ್ರೇ. ಮನೇಲಿ ಕೂತು ನಾನೂ ಕೆಟ್ಟೆ, ಇವರನ್ನೂ ಕೆಡಿಸ್ದೆ."

ಯಜಮಾನರು ಲೋಟ ಕೆಳಗಿಟ್ಟು, "ಬರೀರಿ ಸ್ವಾಮಿ," ಎಂದರು. ಮಾವ ಅಟ್ಟದಿಂದ ಹಳೆಯ ಟೈಪ್‌ರೈಟರನ್ನೇ ಇಳಿಸಿ ಬಿಡುಗಡೆಯ ಪತ್ರ ಕುಟ್ಟಿದರು. ಯಜಮಾನರು ಓದಿ, ಸಹಿ ಹಾಕುವ ಮೊದಲು ತಾವೂ ಒಂದು ಷರತ್ತು ಸೇರಿಸಬೇಕೆಂದರು: ಸದರಿ ಸೊಸೆಯು ಸದರಿ ಅತ್ತೆಗೆ ಕಲಿಯುವ ತನಕ ಕಲಿಸತಕ್ಕದ್ದು, ಅತ್ತೆಯು ಹಳೆಯ ಶಾಲೆಗೆ ಮತ್ತೆ ಬರತಕ್ಕದ್ದಲ್ಲ.

ಅವರು ಮೆಟ್ಟಿಲಿಳಿದದ್ದೇ ತಡ, ಮನೆಯಲ್ಲಿ ಹಬ್ಬ. ಸೊಸೆ ಹೊಸ ಒಡತಿಗೆ ಫೋನು ಮಾಡಿ ತನ್ನ ಜಾಗ ಉಳಿಸಿಕೊಂಡಳು. ಗಂಡ ಓಡಿಹೋಗಿ ಐಸ್‌ಕ್ರೀಮ್ ತಂದ. "ಅಮ್ಮಾ, ನಿನ್ನ ತಲೆಯೇ ತಲೆ. ಎಂಥ ನಾಟಕ ಆಡ್ದೆ," ಎಂದ. ಮಾವ, ಕೋರ್ಟಿನಲ್ಲಿ ತಾವು ಕಂಡ ವಕೀಲರನ್ನೆಲ್ಲ ಇವಳಿಗೆ ನಿವಾಳಿಸಿ ಎಸೆಯಬೇಕು ಎಂದರು. ಮೊಮ್ಮಗಳು ಅಜ್ಜಿ ಕಾರು ಕುಪ್ಪಳಿಸುವುದನ್ನು ಕುರ್ಚಿಯ ಮೇಲೆ ಆಡಿ ತೋರಿಸಿದಳು. ಸೊಸೆ ಅತ್ತೆಯ ಕೈ ಹಿಡಿದುಕೊಂಡು, "ನನಗೆ ಒಂದು ಮಾತು ಮೊದಲೇ ಹೇಳಬಾರದಿತ್ತಾ ಅತ್ತೆ? ಸುಮ್ಮಸುಮ್ಮನೆ ಮುನಿಸ್ಕೊಂಡಿದ್ದೆ," ಎಂದಳು. ಅತ್ತೆ ಗಂಭೀರವಾಗಿ ಐಸ್‌ಕ್ರೀಮ್ ತಿಂದರು.

ರಜೆಯ ಮೊದಲ ದಿನ ಹೊಸ ಶಾಲೆಯ ಮೈದಾನದಲ್ಲಿ ಮೊದಲ ಬ್ಯಾಚು ಸಾಲಾಗಿ ನಿಂತಿತು. ಷರತ್ತು ಷರತ್ತೇ ಎಂದು ಸೊಸೆ ಅತ್ತೆಯನ್ನೇ ಮೊದಲು ಹತ್ತಿಸಿಕೊಂಡಳು. ಪಕ್ಕದಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಮೈದಾನವನ್ನು ಹಲವು ಸಲ ಸುತ್ತಿಸಿ, ಗೇರು ಬದಲಿಸುವ ಹೊತ್ತನ್ನು ಅವರಿಂದಲೇ ಹೇಳಿಸಿದಳು. ಅತ್ತೆ "ಈಗ" ಎಂದರು, ತಪ್ಪಿತು. ಮತ್ತೆ "ಈಗ" ಎಂದರು, ಸರಿಯಾಯಿತು. ಆಮೇಲೆ ಜಾಗ ಬದಲಾಯಿಸಿ ಸ್ಟಿಯರಿಂಗ್ ಹಿಂದೆ ಕೂತಾಗ ಅವರು ಎರಡೂ ಕಾಲಿನಿಂದ ಬ್ರೇಕನ್ನೇ ಒತ್ತಿ ಹಿಡಿದರು.

"ಇಲ್ಲಿ ಯಾರೂ ನೋಡ್ತಿಲ್ಲ ಅತ್ತೆ, ನಾಟಕ ಬಿಡಿ," ಎಂದು ಸೊಸೆ ನಕ್ಕಳು.

"ನಾಟಕ ಅಲ್ಲ ಕಣೇ."

ಸೊಸೆ ಅವರ ಮುಖ ನೋಡಿದಳು. ಅತ್ತೆಯ ಹಣೆಯಲ್ಲಿ ಬೆವರೊಡೆದಿತ್ತು.

"ಅಲ್ಲೂ ನಾಟಕ ಆಡಿರಲಿಲ್ಲ. ನನಗೆ ನಿಜವಾಗ್ಲೂ ಬರ್ಲಿಲ್ಲ. ಅವರನ್ನ ಬಗ್ಗಿಸ್ಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ನೀವೆಲ್ಲ ತಲೆಯೇ ತಲೆ ಅಂತ ಹೊಗಳಿದ್ರಿ. ಕೇಳೋಕೆ ಚೆನ್ನಾಗಿತ್ತು, ಸುಮ್ಮನಾದೆ."

"ಮತ್ತೆ ಯಾಕೆ ಹೋದ್ರಿ ಅತ್ತೆ?"

"ನೀನು ಮನೇಲಿ ಒಂದು ಕಡೆ ಕೂರೋಕಾಗದೆ ಒದ್ದಾಡ್ತಿದ್ದೆ. ಉಣ್ಣೋಕಿದೆ, ಗಂಡ ಇದ್ದಾನೆ, ಮಗಳಿದ್ದಾಳೆ, ಇವಳಿಗೆ ಇನ್ನೇನು ಕಮ್ಮಿ ಅಂತ ನನಗೆ ತಿಳೀಲಿಲ್ಲ. ಕೇಳಿದ್ರೆ, ಹೇಳಿದ್ರೂ ಗೊತ್ತಾಗಲ್ಲ ಅಂದೆ. ಅದೇನಿದೆ ಅದರಲ್ಲಿ, ನಾನೇ ನೋಡ್ತೀನಿ ಅಂತ ಹೋದೆ." ಅತ್ತೆ ಉಸಿರು ಬಿಟ್ಟರು. "ಅಲ್ಲಿ ಬೈಗುಳ ಬಿಟ್ಟು ಏನೂ ಕಾಣಿಸ್ಲಿಲ್ಲ."

ಸೊಸೆಯ ಕಣ್ಣು ತುಂಬಿ ಬಂತು. ಹೆತ್ತ ತಾಯಿಯೂ ತನ್ನ ಕೆಲಸವನ್ನು ಹೀಗೆ ಹುಡುಕಿಕೊಂಡು ಹೋಗಿ ನೋಡಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

"ಕ್ಲಚ್ ಒತ್ತಿ ಅತ್ತೆ," ಎಂದಳು ಮೆಲ್ಲಗೆ. "ಈಗ ಗೇರು. ಕಾಲು ನಿಧಾನಕ್ಕೆ ಬಿಡಿ. ಕೇಳಿಸ್ತಿದೆಯಾ?"

ಕಾರು ಕುಪ್ಪಳಿಸಲಿಲ್ಲ. ಮೈದಾನದ ಅಂಚು ಹಿಡಿದು ಹೊರಟಿತು. ಬೇಲಿ ಹಿಂದಕ್ಕೆ ಸರಿಯಿತು, ಸಾಲಿನಲ್ಲಿ ನಿಂತ ಹೆಂಗಸರು ಸಣ್ಣಗಾದರು. ಅತ್ತೆ "ಈಗ" ಎಂದು ತಮಗೆ ತಾವೇ ಹೇಳಿಕೊಂಡು ಗೇರು ಬದಲಿಸಿದರು. ಇಂಜಿನ್ನಿನ ದನಿ ತಗ್ಗಿತು, ಕಿಟಕಿಯಿಂದ ಗಾಳಿ ಬಂತು. ಅವರ ಬಾಯಿ ಅರ್ಧ ತೆರೆದೇ ಇತ್ತು.

ತಿರುವು ಕಳೆದು ಗೇಟು ಹತ್ತಿರವಾಯಿತು. "ಸಾಕು ಅತ್ತೆ, ಇಲ್ಲಿ ನಿಲ್ಲಿಸಿ. ಮುಂದಿನವರು ಕಾಯ್ತಿದ್ದಾರೆ," ಎಂದಳು ಸೊಸೆ.

"ಕಾಯ್ಲಿ," ಎಂದು ಅತ್ತೆ ಇನ್ನೊಂದು ಸುತ್ತು ಹಾಕಲು ಕಾರು ತಿರುಗಿಸಿದರು.